ಬಾಗಿಸಿದ ಅಕ್ಷರ, ಜಾರಿದ ಒತ್ತು

ಮಾನ್ಯ ಸಂಪಾದಕರೇ,

ಕಳೆದ ಕೆಲವು ವಾರಗಳಿಂದ ತಮ್ಮ ಪತ್ರಿಕೆಯ ಕ್ರೀಡಾ ಪುಟದ ಮುಖ್ಯ ತಲೆಬರಹಗಳು ದಪ್ಪನಾದ, ಒಂದಕ್ಕೊಂದು ಒತ್ತರಿಸಿಕೊಂಡು ನಿಂತ, ಬಲಕ್ಕೆ ವಾಲಿದ ಅಕ್ಷರಗಳಲ್ಲಿ ಬರುತ್ತಿವೆ. ಪುಟಕ್ಕೆ ಹುರುಪು ಬರಲೆಂದು ಮಾಡಿದ ಬದಲಾವಣೆ ಇದೆಂದು ಊಹಿಸಬಲ್ಲೆ. ಆದರೆ ಮೊನ್ನೆ ಭಾನುವಾರದ ಸಂಚಿಕೆಯಲ್ಲಿ ಮೂರು ಕಾಲಂ ಅಗಲದ ತಲೆಬರಹವೊಂದರಲ್ಲಿದ್ದ ‘ಸ್ಪರ್ಧೆ’ ಎಂಬ ಪದವನ್ನು ನಾನು ಎರಡು ಸಲ ಓದಬೇಕಾಯಿತು. ಸಕಾರದ ಕೆಳಗಿರಬೇಕಾದ ಪ ಒತ್ತು ಎಡಕ್ಕೆ ಜಾರಿ ಹಿಂದಿನ ಪದದ ಬುಡ ಸೇರಿತ್ತು, ‘ಧೆ’ಯ ಹೊಟ್ಟೆಯ ಸೀಳು ಮಸಿಯಲ್ಲಿ ಮುಚ್ಚಿಹೋಗಿ ಅದು ‘ದೆ’ ಆಗಿತ್ತು, ಅರ್ಕಾವತ್ತು ಮುಂದಿನ ಪದದ ಮೊದಲ ಅಕ್ಷರಕ್ಕೆ ಅಂಟಿಕೊಂಡಿತ್ತು. ನನ್ನ ಕನ್ನಡಕದ ದೋಷವೇ ಇರಬೇಕೆಂದು ಪಕ್ಕದ ಮನೆಯ ಹುಡುಗನಿಗೆ ತೋರಿಸಿದೆ. ಅವನಿಗೂ ತಡವರಿಸಿತು.

ಕಾಟನ್‌ಪೇಟೆಯ ಅಚ್ಚುಕೂಟವೊಂದರಲ್ಲಿ 1979ರಲ್ಲಿ ಮೊಳೆ, ಅಂದರೆ ಸೀಸದ ಬಿಡಿ ಅಕ್ಷರ, ಜೋಡಿಸುವ ಕೆಲಸಕ್ಕೆ ಸೇರಿ, ಮುಂದೆ ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಡಿಟಿಪಿ ಕಲಿತು, ಅದೇ ಕಸುಬಿನಲ್ಲಿ ನಿವೃತ್ತನಾದವನು ನಾನು. ಆದ್ದರಿಂದ ಈ ವಿಷಯದಲ್ಲಿ ಎರಡು ಮಾತು ಹೇಳುವ ಸಲಿಗೆ ತೆಗೆದುಕೊಳ್ಳುತ್ತಿದ್ದೇನೆ.

ಮೊದಲಿಗೇ ಸ್ಪಷ್ಟಪಡಿಸುತ್ತೇನೆ: ಬೋಲ್ಡ್ ಕಂಡೆನ್ಸ್ಡ್ ಇಟಾಲಿಕ್ ಎಂದು ಅಚ್ಚಿನವರು ಕರೆಯುವ ಈ ಅಕ್ಷರಶೈಲಿಯ ಮೇಲೆ ನನಗೆ ಹಗೆಯಿಲ್ಲ. ಅದು ಕೆಲಸಕ್ಕೆ ಬರುವ ಶೈಲಿ. ಅದರಲ್ಲಿ ಕೂಡಿರುವ ದಪ್ಪ, ಇಕ್ಕಟ್ಟು, ಓರೆ ಎಂಬ ಮೂರು ಗುಣಗಳು ಒಂದೇ ಕಡೆಯಿಂದ ಬಂದವಲ್ಲ. ಓರೆ ಅಕ್ಷರ ವೆನಿಸ್ಸಿನಿಂದ ಬಂದದ್ದು. ಅಲ್ಲಿನ ಮುದ್ರಕ ಆಲ್ಡಸ್ ಮನೂಷಿಯಸ್‌ಗಾಗಿ ಫ್ರಾಂಚೆಸ್ಕೊ ಗ್ರಿಫೊ ಎಂಬ ಕುಶಲಿ, ವಿದ್ವಾಂಸರ ವೇಗದ ಕೈಬರಹವನ್ನು ನೋಡಿ ಕೆತ್ತಿದ ಮೊಳೆಗಳಲ್ಲಿ 1501ರಲ್ಲಿ ಲ್ಯಾಟಿನ್ ಕವಿ ವರ್ಜಿಲನ ಕೃತಿಗಳು ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಪುಸ್ತಕವಾಗಿ ಅಚ್ಚಾದವು. ಇಕ್ಕಟ್ಟಿನ ದಪ್ಪ ಅಕ್ಷರ ಬೆಳೆದದ್ದು ಮೂರು ಶತಮಾನಗಳ ಬಳಿಕ, ಗೋಡೆಗೆ ಅಂಟಿಸುವ ಭಿತ್ತಿಪತ್ರಗಳ ಕಾಲದಲ್ಲಿ. 1827ರ ಹೊತ್ತಿಗೆ ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ ಮರದ ಮೊಳೆಗಳನ್ನು ಯಂತ್ರದ ನೆರವಿನಿಂದ ಕೊರೆದು ಮಾರತೊಡಗಿದ ಮೇಲೆ, ಸೀಸದಲ್ಲಾದರೆ ಎತ್ತಲಾಗದಷ್ಟು ಭಾರವಾಗುತ್ತಿದ್ದ ದೊಡ್ಡ ಅಕ್ಷರಗಳು ಹಗುರವಾದವು, ಅಗ್ಗವೂ ಆದವು. ಕಾಗದದ ಅಗಲ ಅಷ್ಟೇ, ಆದರೆ ಅಕ್ಷರ ದೂರಕ್ಕೆ ಕಾಣುವಷ್ಟು ಎತ್ತರವಿರಬೇಕು. ಹಾಗಾದರೆ ಅಕ್ಷರದ ಮೈ ಸಣ್ಣಗಾಗಲೇಬೇಕು. ಇಂದು ಕಂಪ್ಯೂಟರುಗಳಲ್ಲೆಲ್ಲ ಕಾಣುವ, ಮಕ್ಕಳು ಮೊಬೈಲಿನಲ್ಲಿ ಹಂಚಿಕೊಳ್ಳುವ ನಗೆಚಿತ್ರಗಳ ಮೇಲೆ ಕೂತಿರುವ ‘ಇಂಪ್ಯಾಕ್ಟ್’ ಎಂಬ ಫಾಂಟ್ ಈ ವಂಶದ್ದೇ. ಜೆಫ್ರಿ ಲೀ ಅದನ್ನು ಇಂಗ್ಲೆಂಡಿನ ಸ್ಟೀಫನ್ಸನ್ ಬ್ಲೇಕ್ ಮೊಳೆ ಕಾರ್ಖಾನೆಗೆ ರೂಪಿಸಿದ್ದು 1965ರಲ್ಲಿ.

ದಪ್ಪ, ಇಕ್ಕಟ್ಟು, ಓರೆ ಈ ಮೂರೂ ಸೇರಿದಾಗ ಅಕ್ಷರ ನಿಂತಲ್ಲೇ ಓಡುತ್ತಿರುವಂತೆ ಕಾಣುತ್ತದೆ. ಆಟದ ಸುದ್ದಿ, ಓಟದ ಪಂದ್ಯದ ಭಿತ್ತಿಪತ್ರ, ರಿಯಾಯಿತಿ ಮಾರಾಟದ ಜಾಹೀರಾತು, ಬೈಕಿನ ಟ್ಯಾಂಕಿನ ಮೇಲಿನ ಹೆಸರು, ಹೊಡೆದಾಟದ ಸಿನಿಮಾದ ಶೀರ್ಷಿಕೆ ಇವೆಲ್ಲ ಅದಕ್ಕೆ ಹೇಳಿ ಮಾಡಿಸಿದ ಜಾಗಗಳು. ಎರಡು ಮೂರು ಪದ, ಒಂದೇ ಸಾಲು, ದೊಡ್ಡ ಅಳತೆ ಎಂಬುದು ಅದರ ಮೇರೆ. ಆಸ್ಪತ್ರೆಯ ತುರ್ತು ವಿಭಾಗದ ಫಲಕಕ್ಕೆ ಅದು ಸಲ್ಲದು, ನ್ಯಾಯಾಲಯದ ಪ್ರಕಟಣೆಗೂ ಸಲ್ಲದು.

ತೊಂದರೆ ಇರುವುದು ಬೇರೆ ಕಡೆ. ಇಂಗ್ಲಿಷಿನಲ್ಲಿ ಈ ಶೈಲಿಯನ್ನು ಒಬ್ಬ ಕಲಾವಿದ ಕೂತು ಒಂದೊಂದೇ ಅಕ್ಷರವಾಗಿ ಬಿಡಿಸಿರುತ್ತಾನೆ. ನಮ್ಮ ಊರಿನ ಕನ್ನಡಕ್ಕೆ ಆ ಭಾಗ್ಯ ಸಿಗುವುದಿಲ್ಲ. ಸಾಮಾನ್ಯ ಫಾಂಟನ್ನು ತೆರೆಯ ಮೇಲೆ ಹಿಡಿದು, ಮೌಸಿನಿಂದ ಪಕ್ಕಕ್ಕೆ ಅಮುಕಿ, ಮೇಲಿನ ಅಂಚು ಹಿಡಿದು ಬಲಕ್ಕೆ ಎಳೆದುಬಿಡುತ್ತಾರೆ. ಎರಡೂ ಒಂದೇ ಅಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲ. ಅಕ್ಷರದ ಅಗಲವನ್ನು ನೂರಕ್ಕೆ 60ಕ್ಕೆ ಅಮುಕಿದಾಗ ನಿಂತ ಗೆರೆಗಳ ದಪ್ಪವೂ 60ಕ್ಕೆ ಇಳಿಯುತ್ತದೆ, ಮಲಗಿದ ಗೆರೆಗಳ ದಪ್ಪ ಮಾತ್ರ ಹಾಗೇ ಉಳಿಯುತ್ತದೆ. ಅಂದರೆ ಹತ್ತು ಮಿಲಿಮೀಟರ್ ದಪ್ಪದ ಗೆರೆ ಪಕ್ಕೆಗಳಲ್ಲಿ ಆರಾಗುತ್ತದೆ, ತಲೆಕಟ್ಟಿನಲ್ಲಿ ಹತ್ತಾಗಿಯೇ ಇರುತ್ತದೆ. ಇಂಗ್ಲಿಷಿನ ‘ಐ’, ‘ಎಲ್’, ‘ಟಿ’ಗಳಂಥ ನೇರ ಕಡ್ಡಿಯ ಅಕ್ಷರಗಳು ಈ ಪೆಟ್ಟನ್ನು ಹೇಗೋ ತಾಳಿಕೊಂಡಾವು. ಮೈಯೆಲ್ಲ ಗುಂಡಗಿರುವ ಕನ್ನಡದ ಅಕ್ಷರ ಬುಡ ಮತ್ತು ನೆತ್ತಿಯಲ್ಲಿ ಊದಿಕೊಂಡು, ಪಕ್ಕೆಯಲ್ಲಿ ಸೊರಗಿ, ತೊಟ್ಟಿಲಿನಲ್ಲಿ ಮುದುಡಿದ ಮಗುವಿನಂತಾಗುತ್ತದೆ. ಮೇಲೆ ಅದನ್ನೇ ಬಾಗಿಸಿದರೆ ಇನ್ನೊಂದು ವಿಕಾರ ಸೇರುತ್ತದೆ: ವೃತ್ತದ ಮೇಲಿನ ಬಲಮೂಲೆ ಮತ್ತು ಕೆಳಗಿನ ಎಡಮೂಲೆ ದಪ್ಪವಾಗುತ್ತವೆ, ಉಳಿದೆರಡು ಮೂಲೆಗಳು ತೆಳ್ಳಗಾಗುತ್ತವೆ. ಬಲ್ಲವನು ಓರೆ ಅಕ್ಷರ ಬಿಡಿಸುವಾಗ ಈ ಮೂಲೆಗಳನ್ನು ಒಂದೊಂದಾಗಿ ತಿದ್ದುತ್ತಾನೆ. ಮೌಸು ತಿದ್ದುವುದಿಲ್ಲ.

ಒತ್ತಕ್ಷರಗಳ ಪಾಡು ಇದಕ್ಕಿಂತ ಘೋರ. ಅದನ್ನು ಕಣ್ಣಾರೆ ನೋಡುವ ಅವಕಾಶ ಇತ್ತೀಚೆಗೆ ನನಗೆ ಒದಗಿತು. ನನ್ನ ತಂಗಿಯ ಮಗ ಮನೆಯ ಹತ್ತಿರವೇ ಕ್ರೀಡಾ ಸಾಮಗ್ರಿಗಳ ಅಂಗಡಿ ತೆರೆದ. ಹನ್ನೆರಡು ಅಡಿ ಅಗಲ, ಮೂರು ಅಡಿ ಎತ್ತರದ, ಎಸಿಪಿ ಎಂಬ ಅಲ್ಯೂಮಿನಿಯಂ ಹಲಗೆಯ ಬೋರ್ಡು, ಅದರ ಮೇಲೆ ಒಳಗಿನಿಂದ ಬೆಳಗುವ ಅಕ್ರಿಲಿಕ್ ಅಕ್ಷರ. ನಾಮಫಲಕದಲ್ಲಿ ಶೇಕಡ 60 ಭಾಗ ಕನ್ನಡವಿರಬೇಕು, ಅದು ಮೇಲ್ಭಾಗದಲ್ಲಿರಬೇಕು ಎಂಬ ನಿಯಮ 2024ರಲ್ಲಿ ಗಟ್ಟಿಯಾದ ಮೇಲೆ ಎಲ್ಲರಂತೆ ಅವನೂ ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್ ಎಂದು ಹೇಳಿ ಬಂದಿದ್ದ. ಇಂಗ್ಲಿಷ್ ಹೆಸರು ಅವನಿಗೆ ಮೊದಲೇ ಇಷ್ಟವಾಗಿದ್ದ ದಪ್ಪ ಓರೆ ಅಕ್ಷರದಲ್ಲಿ ಸಿದ್ಧವಾಗಿತ್ತು. ಕನ್ನಡದ ಮಾದರಿ ಮೊಬೈಲಿಗೆ ಬಂದಾಗ, “ಮಾವ, ಒಂದ್ ಸಲ ನೋಡಿ, ಏನೋ ಸರಿ ಕಾಣ್ತಿಲ್ಲ” ಎಂದು ನನ್ನನ್ನು ಎಬ್ಬಿಸಿಕೊಂಡು ಬೋರ್ಡಿನ ಅಂಗಡಿಗೆ ಹೋದ.

ಪದ ‘ಸ್ಪೋರ್ಟ್ಸ್’. ಇಂಗ್ಲಿಷಿನಲ್ಲಿ ಆರು ಅಕ್ಷರ, ಆರೂ ಒಂದೇ ಗೆರೆಯ ಮೇಲೆ ಸೈನಿಕರಂತೆ ನಿಲ್ಲುತ್ತವೆ. ಕನ್ನಡದಲ್ಲಿ ಅದೇ ಪದಕ್ಕೆ ಸಕಾರದ ನೆತ್ತಿಯ ಮೇಲೆ ಏತ್ವ, ಬಲಕ್ಕೆ ಕೊಂಬು ಮತ್ತು ದೀರ್ಘ, ಕೆಳಗೆ ಪ ಒತ್ತು. ಆಮೇಲೆ ಟಕಾರ, ಅದರ ಕೆಳಗೆ ಸ ಒತ್ತು, ಬಲಕ್ಕೆ ಅರ್ಕಾವತ್ತು. ಹನ್ನೆರಡು ಇಂಚು ಎತ್ತರದ ಅಕ್ಷರವನ್ನು 12 ಡಿಗ್ರಿ ಬಾಗಿಸಿದರೆ ಅದರ ನೆತ್ತಿ ಎರಡೂವರೆ ಇಂಚು ಬಲಕ್ಕೆ ಹೋಗುತ್ತದೆ. ಗೆರೆಯಿಂದ ಕೆಳಗಿರುವ ಒತ್ತು ಬಲಕ್ಕಲ್ಲ, ಎಡಕ್ಕೆ ಹೋಗುತ್ತದೆ. ನಾಲ್ಕು ಇಂಚು ಕೆಳಗಿದ್ದರೆ ಮುಕ್ಕಾಲು ಇಂಚಿಗೂ ಹೆಚ್ಚು. ತಾಯಿ ಅಕ್ಷರದ ನಡುಮಧ್ಯ ಅತ್ತ ಸರಿದಿರುತ್ತದೆ, ಒತ್ತು ಇತ್ತ ಸರಿದಿರುತ್ತದೆ, ಒಟ್ಟಾರೆ ಎರಡು ಇಂಚಿನ ಅಗಲಿಕೆ. ಬಲಕ್ಕೆ ಒತ್ತರಿಸಿಕೊಂಡು ಕೂರುವುದು ಕನ್ನಡದ ಒತ್ತಿನ ಸ್ವಭಾವ; ಇಲ್ಲಾದರೋ ಪ ಒತ್ತು ಹಿಂದಿನ ಪದದ ಕೊನೆಯ ಅಕ್ಷರದ ಕಾಲಬುಡದಲ್ಲಿ ಅನಾಥವಾಗಿ ಬಿದ್ದಿತ್ತು.

“ಏನಪ್ಪಾ, ಈ ಪ ಒತ್ತು ಯಾರದು?” ಎಂದು ಆಪರೇಟರ್ ಹುಡುಗನನ್ನು ಕೇಳಿದೆ. “ಇಂಗ್ಲಿಷ್ ಹೆಂಗಿದ್ಯೋ ಕನ್ನಡನೂ ಹಂಗೇ ಇರ್ಬೇಕು ಅಂತ ಪಾರ್ಟಿ ಹೇಳಿದ್ರು ಸಾರ್” ಎಂದು ಅವನು ನನ್ನ ಸೋದರಳಿಯನ ಕಡೆ ನೋಡಿದ. ಹುಡುಗನ ತಪ್ಪೇನೂ ಇರಲಿಲ್ಲ. ದಿನಕ್ಕೆ ಹತ್ತು ಬೋರ್ಡು ಕತ್ತರಿಸಬೇಕಾದವನು ಒತ್ತಿನ ಯೋಗಕ್ಷೇಮ ಎಲ್ಲಿ ವಿಚಾರಿಸಿಯಾನು? ನಾನು ಪ್ಲಾಸ್ಟಿಕ್ ಸ್ಟೂಲೊಂದನ್ನು ಎಳೆದುಕೊಂಡು ಅವನ ಪಕ್ಕದಲ್ಲೇ ಕೂತೆ. ಮೊದಲು ಆ ಅಮುಕಿದ ಫಾಂಟನ್ನೇ ತೆಗೆಸಿ, ಮೊದಲಿನಿಂದಲೇ ಕಿರಿದಾಗಿ ಬಿಡಿಸಿರುವ ‘ಅನೇಕ್ ಕನ್ನಡ’ ಎಂಬ ಉಚಿತ ಫಾಂಟನ್ನು ಹಾಕಿಸಿದೆ. ಮುಂಬೈನ ಏಕ್ ಟೈಪ್ ಸಂಸ್ಥೆಯವರು ರೂಪಿಸಿದ ಇದು 2022ರಿಂದ ಎಲ್ಲರಿಗೂ ಸಿಗುತ್ತಿದೆ. ಅದರಲ್ಲಿ ಅಗಲವನ್ನು ಸಾಮಾನ್ಯ ಅಗಲದ ಶೇಕಡ 75ರಿಂದ 125ರವರೆಗೆ, ದಪ್ಪವನ್ನು ತೀರ ತೆಳುವಾದ 100ರಿಂದ ತೀರ ದಪ್ಪನಾದ 800ರವರೆಗೆ ಬೇಕಾದಂತೆ ಹೊಂದಿಸಬಹುದು. ಅಗಲ ತಗ್ಗಿದಾಗ ಪಕ್ಕೆಗಳ ದಪ್ಪ ಕೆಡದಂತೆ ಅದನ್ನು ಬಿಡಿಸಿದವರೇ ನೋಡಿಕೊಂಡಿದ್ದಾರೆ. ಅಂಗಡಿಯ ಹಳೆಯ ತಂತ್ರಾಂಶದಲ್ಲಿ ಇಂಥ ಹೊಸ ಬಗೆಯ (ಯೂನಿಕೋಡ್) ಫಾಂಟಿನ ಒತ್ತುಗಳು ಒಡೆದುಹೋಗುತ್ತಿದ್ದವು. ಹಾಗಾಗಿ ಇನ್ನೊಂದು ಕಂಪ್ಯೂಟರಿನಲ್ಲಿ ಪದ ಹೊಡೆದು, ಪಿಡಿಎಫ್ ಮಾಡಿ ತಂದು, ಗೆರೆಗಳಾಗಿ ಬಿಡಿಸಿಕೊಂಡೆವು. ಓರೆಯನ್ನು 12ರಿಂದ 6 ಡಿಗ್ರಿಗೆ ಇಳಿಸಿದೆವು. ಎರಡು ಒತ್ತುಗಳನ್ನು ಬೇರ್ಪಡಿಸಿ, ಕೈಯಿಂದ ಬಲಕ್ಕೆ ತಂದು ಅವುಗಳ ತಾಯಿಯ ಕೆಳಗೆ ಕೂರಿಸಿದೆವು. ಇಷ್ಟಕ್ಕೆ ಎರಡು ಗಂಟೆ ಹಿಡಿಯಿತು, ಮೂರು ಕಾಫಿಯಾಯಿತು. ಎಲ್ಲ ಮುಗಿದ ಮೇಲೆ ನನ್ನ ಅಳಿಯ, “ಚೆನ್ನಾಗಿದೆ ಮಾವ, ಆದ್ರೆ ಇಂಗ್ಲಿಷಿಗಿಂತ ಕನ್ನಡ ಸ್ವಲ್ಪ ನಿಧಾನಕ್ಕೆ ಓಡ್ತಿದೆ” ಎಂದ. ಓಡಲಿ ಬಿಡು, ಎಡವದೆ ಓಡುತ್ತಿದೆಯಲ್ಲ ಎಂದೆ.

ಇನ್ನು ದಪ್ಪದ ವಿಚಾರ. ಕನ್ನಡದಲ್ಲಿ ಹಲವು ಅಕ್ಷರಗಳ ನಡುವಿನ ವ್ಯತ್ಯಾಸ ಇರುವುದು ಒಂದು ಸಣ್ಣ ಸೀಳಿನಲ್ಲಿ ಅಥವಾ ಒಂದು ಚುಕ್ಕಿಯಲ್ಲಿ. ನಾವು ಶಾಲೆಯಲ್ಲಿ ಮಹಾಪ್ರಾಣವನ್ನು ‘ಹೊಟ್ಟೆ ಸೀಳಿದ ಅಕ್ಷರ’ ಎಂದೇ ಕಲಿತವರು. ಆ ಸೀಳು ಮುಚ್ಚಿದರೆ ಧ ಹೋಗಿ ದ ಆಗುತ್ತದೆ, ಢ ಹೋಗಿ ಡ ಆಗುತ್ತದೆ. ರಕಾರದ ಹೊಟ್ಟೆಯೊಳಗೆ ಚುಕ್ಕಿಯಿಟ್ಟರೆ ಠ. ಚುಕ್ಕಿ ಸುತ್ತಲಿನ ಮಸಿಯೊಳಗೆ ಕರಗಿದರೆ ಮತ್ತೆ ರ. ಪಕಾರದ ಒಳಗೆ ಒಂದು ಗೆರೆ ಎಳೆದರೆ ಷ. ಅಕ್ಷರ ದಪ್ಪವಾದಷ್ಟೂ, ಇಕ್ಕಟ್ಟಾದಷ್ಟೂ ಈ ಒಳಜಾಗಗಳು ಕಿರಿದಾಗುತ್ತವೆ. ಪತ್ರಿಕೆಯ ಕಾಗದದಲ್ಲಿ ಮಸಿ ಒಂದಿಷ್ಟು ಹರಡಿಕೊಳ್ಳುತ್ತದೆ, ರಾತ್ರಿ ಬೆಳಗುವ ಬೋರ್ಡಿನಲ್ಲಿ ಬೆಳಕೇ ಅಂಚು ಮೀರಿ ಹರಡುತ್ತದೆ. ಎರಡೂ ಕಡೆ ಮೊದಲು ಬಲಿಯಾಗುವುದು ಆ ಸೀಳು, ಆ ಚುಕ್ಕಿ. ನಮ್ಮ ಬಡಾವಣೆಯಲ್ಲಿ ಸಾಲ ಕೊಡುವ ಸಂಸ್ಥೆಯೊಂದರ ಬ್ಯಾನರಿನಲ್ಲಿ ‘ಧನಸಹಾಯ’ ಎಂಬುದು ‘ದನಸಹಾಯ’ವಾಗಿ ಒಂದು ವಾರ ತೂಗಾಡಿತು. ಹಾಲಿನವನು ನಿಜವಾಗಿಯೂ ನಂಬಿ ವಿಚಾರಿಸಲು ಹೋಗಿದ್ದನಂತೆ. ದೀಪದ ಕಂಬಕ್ಕೆ ಕಟ್ಟಿದ್ದ ಇನ್ನೊಂದು ಹಲಗೆಯಲ್ಲಿ ‘ಮನೆಪಾಠ’ವು ‘ಮನೆಪಾರ’ವಾಗಿತ್ತು. ದಪ್ಪ ಅಕ್ಷರ ಬಿಡಿಸುವ ಜಾಣರು ಇಂಥ ಕಡೆ ಸುತ್ತಲಿನ ಗೆರೆಯನ್ನು ತುಸು ಕೊರೆದು ಚುಕ್ಕಿಗೆ ಉಸಿರಾಡಲು ಜಾಗ ಮಾಡುತ್ತಾರೆ. ಕಂಪ್ಯೂಟರಿನ ‘ಬೋಲ್ಡ್’ ಗುಂಡಿಗೆ ಠಕಾರದ ಹೊಟ್ಟೆಯಲ್ಲಿ ಚುಕ್ಕಿಯಿದೆ ಎಂಬುದೇ ತಿಳಿಯದು. ಅದು ಎಲ್ಲ ಗೆರೆಗಳಿಗೂ ಸಮನಾಗಿ ಮಸಿ ಬಳಿಯುತ್ತದೆ.

ಸೀಸದ ಮೊಳೆಗಳ ಕಾಲದಲ್ಲಿ ಈ ಅನಾಹುತ ಆಗುತ್ತಿರಲಿಲ್ಲ. ನಮ್ಮ ಒಳ್ಳೆಯತನದಿಂದ ಅಲ್ಲ, ಆಗಗೊಡದ ಲೋಹದಿಂದ. ಕೇಸು ಎಂಬ ಖಾನೆಗಳ ಪೆಟ್ಟಿಗೆಯಲ್ಲಿದ್ದ ಮೊಳೆಯನ್ನು ಯಾರೂ ಅಮುಕುವಂತಿರಲಿಲ್ಲ, ಬಾಗಿಸುವಂತಿರಲಿಲ್ಲ. ಒಂದೊಂದು ಅಳತೆಗೂ ಒಂದೊಂದು ದಪ್ಪಕ್ಕೂ ಬೇರೆ ಎರಕ ಹೊಯ್ಯಬೇಕಿತ್ತು. ಓರೆ ಅಕ್ಷರವಂತೂ ಲೋಹಕ್ಕೆ ದೊಡ್ಡ ತಲೆನೋವು. ನಮ್ಮ ಪ್ರೆಸ್ಸಿನಲ್ಲಿದ್ದ ಇಂಗ್ಲಿಷ್ ಇಟಾಲಿಕ್ ಕೇಸಿನಲ್ಲಿ ‘ಎಫ್’ ಅಕ್ಷರದ ತುದಿ ಮೊಳೆಯ ಮೈಯಿಂದ ಹೊರಕ್ಕೆ ಚಾಚಿಕೊಂಡಿರುತ್ತಿತ್ತು. ಚೌಕಟ್ಟು ಬಿಗಿಯುವಾಗಲೋ ಬಿಚ್ಚುವಾಗಲೋ ಅದು ಟಣ್ಣನೆ ಮುರಿಯುತ್ತಿತ್ತು, ಮಾಲೀಕರು ಆ ಚೂರನ್ನು ಹಿಡಿದುಕೊಂಡು ನಮ್ಮನ್ನು ಹುಡುಕಿಕೊಂಡು ಬರುತ್ತಿದ್ದರು. ಒತ್ತು, ಕೊಂಬು, ದೀರ್ಘಗಳೊಂದಿಗೆ ನೂರಾರು ಖಾನೆ ತುಂಬುವ ಕನ್ನಡದಲ್ಲಿ ಹೀಗೆ ಚಾಚಿದ ಮೊಳೆ ಮಾಡಿದ್ದರೆ ಏನಾಗುತ್ತಿತ್ತೆಂದು ಊಹಿಸಿಕೊಳ್ಳಿ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಬಂದದ್ದು ಮೊಳೆಯಲ್ಲಿ ಅಲ್ಲ, ಕಲ್ಲಚ್ಚಿನಲ್ಲಿ. ಅಂದರೆ ಕೈಯಿಂದ ಬರೆದ ಅಕ್ಷರವೇ ಕಲ್ಲಿನಿಂದ ಕಾಗದಕ್ಕೆ ಇಳಿದಿತ್ತು. ತಾವು ನಡೆಸುತ್ತಿರುವ ಉದ್ಯಮ ಕೈಬರಹದಿಂದಲೇ ಶುರುವಾದದ್ದು ಎಂಬುದನ್ನು ನೆನಪಿಸುವ ನೆಪದಲ್ಲಿ ಇದನ್ನು ಹೇಳಿದೆ.

ಹಾಗೆಂದು ಕನ್ನಡಕ್ಕೆ ಇಕ್ಕಟ್ಟಿನ ಅಕ್ಷರವೇ ಬೇಡ ಎಂದು ನನ್ನ ವಾದವಲ್ಲ. ಇಂಗ್ಲಿಷಿಗಿಂತ ನಮಗೇ ಅದು ಹೆಚ್ಚು ಬೇಕು. ವಿಭಕ್ತಿ ಪ್ರತ್ಯಯಗಳೂ ಸಮಾಸಗಳೂ ಸೇರಿ ನಮ್ಮ ಪದಗಳು ಉದ್ದವಾಗುತ್ತವೆ. ಕಾಲಮ್ಮಿನ ಅಗಲ ಮಾತ್ರ ಬೆಳೆಯುವುದಿಲ್ಲ. ಮೆಟ್ರೊದಲ್ಲಿ ‘ಶ್ರೀ ಬಾಲಗಂಗಾಧರನಾಥ ಸ್ವಾಮೀಜಿ ನಿಲ್ದಾಣ, ಹೊಸಹಳ್ಳಿ’ ಎಂಬ ಹೆಸರನ್ನು ಒಂದು ಫಲಕದೊಳಗೆ ಕೂರಿಸಬೇಕಾದವರ ಕಷ್ಟ ನನಗೆ ಅರ್ಥವಾಗುತ್ತದೆ. ಬಸ್ಸಿನ ಹಣೆಯ ಮೇಲಿನ ಪಟ್ಟಿಯ ಕಥೆಯೂ ಅದೇ. ಆದರೆ ಕನ್ನಡದಲ್ಲಿ ಅಗಲ ಉಳಿಸಲು ಎತ್ತರ ಹೆಚ್ಚಿಸುವ ಉಪಾಯ ಇಂಗ್ಲಿಷಿನಷ್ಟು ಸಲೀಸಲ್ಲ, ಏಕೆಂದರೆ ಎತ್ತರದಲ್ಲಿ ಒತ್ತಿಗೂ ಪಾಲು ಕೊಡಬೇಕು. ಅಂಗಡಿಯ ಬೋರ್ಡಿನಲ್ಲಿ 36 ಇಂಚಿಗೆ 60ರ ಲೆಕ್ಕದಲ್ಲಿ ಕನ್ನಡಕ್ಕೆ ಸಿಕ್ಕಿದ್ದು 21 ಇಂಚು ಚಿಲ್ಲರೆ. ಅಂಚು ಬಿಟ್ಟು, ಒತ್ತಿಗೆ ಜಾಗ ಬಿಟ್ಟರೆ ಅಕ್ಷರದ ಮೈಗೆ ಉಳಿದದ್ದು 12. ನಿಯಮದ 60 ಬಹಳ ಎಂದು ಗೊಣಗುವ ವ್ಯಾಪಾರಿಗಳು ಈ ಲೆಕ್ಕವನ್ನೂ ಒಮ್ಮೆ ನೋಡಬೇಕು. ಅದೇ ಹೊತ್ತಿಗೆ, ಅಳತೆಪಟ್ಟಿ ಹಿಡಿದು 60 ಇದೆಯೇ ಎಂದು ನೋಡುವ ಅಧಿಕಾರಿಗಳು ಆ 60ರೊಳಗಿನ ಅಕ್ಷರ ರಸ್ತೆಯ ಆಚೆ ಬದಿಯಿಂದ ಓದಲು ಬರುತ್ತದೆಯೇ ಎಂದೂ ನೋಡಿದ್ದರೆ ಚೆನ್ನಾಗಿತ್ತು.

ಓರೆಯ ಬಗ್ಗೆ ಮಾತ್ರ ನನಗೆ ಇನ್ನೂ ಅನುಮಾನ ಉಳಿದಿದೆ. ಒಂದು ಪದವನ್ನು ಎತ್ತಿ ತೋರಿಸಲು ಅದನ್ನು ಓರೆಯಾಗಿಸುವ ಪದ್ಧತಿ ನಮ್ಮ ಅಚ್ಚಿನಲ್ಲಿ ಬೇರೂರಿದ್ದಲ್ಲ; ನಾವು ಆ ಕೆಲಸಕ್ಕೆ ಉದ್ಧರಣ ಚಿಹ್ನೆಯನ್ನೋ ದಪ್ಪ ಮೊಳೆಯನ್ನೋ ಬಳಸುತ್ತಿದ್ದೆವು. ಆದರೆ ವೇಗದ ಬರಹ ನಮ್ಮಲ್ಲೂ ಇತ್ತು. ಹಳೆಯ ಕಡತಗಳಲ್ಲಿ, ಶ್ಯಾನುಭೋಗರ ಲೆಕ್ಕಗಳಲ್ಲಿ ಕೈ ಎತ್ತದೆ ಬರೆದ ಮೋಡಿ ಅಕ್ಷರಗಳನ್ನು ನೋಡಿದವರಿಗೆ ಗೊತ್ತು: ಅಲ್ಲಿ ತಲೆಕಟ್ಟು ಮುಂದಿನ ಅಕ್ಷರಕ್ಕೆ ಜಿಗಿಯುತ್ತದೆ, ಸುಳಿ ಅರ್ಧಕ್ಕೇ ತಿರುಗುತ್ತದೆ, ಕೊಂಬು ಬಾಲದಂತೆ ಹಾರುತ್ತದೆ. ಗ್ರಿಫೊ ವೆನಿಸ್ಸಿನಲ್ಲಿ ಮಾಡಿದ್ದೂ ಇಷ್ಟೇ, ನೆಟ್ಟಗಿನ ಅಕ್ಷರವನ್ನು ದೂಡಿ ಬಾಗಿಸಲಿಲ್ಲ, ಓಡುವ ಕೈಯನ್ನು ನೋಡಿ ಹೊಸದಾಗಿ ಕೆತ್ತಿದ. ಕನ್ನಡಕ್ಕೆ ನಿಜವಾದ ಓರೆ ಅಕ್ಷರ ಬೇಕೆನ್ನುವ ತರುಣ ಕಲಾವಿದರು ಇಂಗ್ಲಿಷಿನ 12 ಡಿಗ್ರಿಯನ್ನು ಪಕ್ಕಕ್ಕಿಟ್ಟು ಆ ಕಡತಗಳನ್ನು ಬಿಚ್ಚಿ ನೋಡಲಿ ಎಂದು ನನ್ನ ಆಸೆ. ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳಿಗೆ ಬ್ಯಾನರ್ ಬರೆಯುತ್ತಿದ್ದ ಪೇಂಟರುಗಳಿಗೆ ಇದು ಯಾರೂ ಹೇಳಿಕೊಡದೆಯೂ ತಿಳಿದಿತ್ತು. ಚಾಕ್‌ಪೀಸ್ ಪುಡಿ ಬಳಿದ ದಾರ ಎಳೆದು ಬಿಟ್ಟು ಗೆರೆ ಮೂಡಿಸಿಕೊಂಡು, ಚಪ್ಪಟೆ ಕುಂಚದಲ್ಲಿ ಶೀರ್ಷಿಕೆಯನ್ನು ಎಡದಿಂದ ಬಲಕ್ಕೆ ಏರಿಸುತ್ತ ಹೋದಾಗ, ಅಕ್ಷರದ ಮೈ ಬಾಗಿದರೂ ಒತ್ತನ್ನು ಮಾತ್ರ ಅವರು ನೆಟ್ಟಗೆ ಅದರ ಜಾಗದಲ್ಲೇ ಬರೆಯುತ್ತಿದ್ದರು. ನಾನು ಆ ಎರಡು ಗಂಟೆಯಲ್ಲಿ ಆಪರೇಟರ್ ಹುಡುಗನಿಂದ ಮಾಡಿಸಿದ್ದು ಅವರಿಂದ ಕದ್ದ ವಿದ್ಯೆಯೇ.

ತಮ್ಮಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ಕನ್ನಡಕ್ಕೆಂದೇ ಬಿಡಿಸಿದ ಓರೆ ಅಕ್ಷರ ಕೈಗೆ ಸಿಗುವವರೆಗೆ ಕ್ರೀಡಾ ಪುಟದ ತಲೆಬರಹಗಳನ್ನು ಕಿರಿದಾದ ದಪ್ಪ ಅಕ್ಷರದಲ್ಲಿ, ನೆಟ್ಟಗೆ ನಿಲ್ಲಿಸಿ. ಓಟದ ಭಾವ ಬೇಕೇ ಬೇಕೆಂದಿದ್ದರೆ ಆಟಗಾರನ ಚಿತ್ರವನ್ನು ದೊಡ್ಡದು ಮಾಡಿ, ಅಥವಾ ಅಕ್ಷರದ ಹಿಂದೆ ಬಣ್ಣದ ಓರೆ ಪಟ್ಟಿಯೊಂದನ್ನು ಎಳೆಯಿರಿ. ಪಟ್ಟಿಗೆ ಒತ್ತಿಲ್ಲ, ಅದು ಎಷ್ಟು ಬಾಗಿದರೂ ನಷ್ಟವಿಲ್ಲ. ಪುಟ ಕಟ್ಟುವವರು ತಲೆಬರಹವನ್ನು ತೆರೆಯ ಮೇಲೆ ದೊಡ್ಡದಾಗಿಸಿ ಪರೀಕ್ಷಿಸುವುದರ ಬದಲು ನಿಜವಾದ ಅಳತೆಯಲ್ಲಿ ಒಂದು ಪ್ರೂಫ್ ತೆಗೆದು, ಮೇಜಿನ ಆಚೆ ಕೂತವರಿಗೆ ಓದಲು ಹೇಳಲಿ. ಅದಕ್ಕೆ ಅರ್ಧ ನಿಮಿಷ ಸಾಕು.

ಭಾನುವಾರದ ಆ ತಲೆಬರಹವನ್ನು ಕತ್ತರಿಸಿ, ಹಳೆಯ ಅಭ್ಯಾಸದಂತೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ, ಪ ಒತ್ತಿನಿಂದ ಸಕಾರಕ್ಕೆ ಒಂದು ಬಾಣ ಎಳೆದು ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಮೊಳೆ ಜೋಡಣೆಗಾರ,
ಹನುಮಂತನಗರ, ಬೆಂಗಳೂರು